ಗಡಿಕಲ್ಲಿನ ಕಪಾಳಮೋಕ್ಷ

ಚಳಿಗಾಲದಲ್ಲಿ ನನ್ನ ಹೋಟೆಲಿನ ಮುಂದಿನ ಮರಳು ಯಾರದ್ದೂ ಅಲ್ಲ. ಜೂನ್ ತಿಂಗಳು ಬಂತೆಂದರೆ ಇಬ್ಬರದ್ದು.

ಪಡುವಣಕ್ಕೆ ನಮ್ಮ ಊರು ಬೆನಾಚಾರ್, ಮೂಡಣಕ್ಕೆ ಟೊರ್ರೆಕಾನ್ಯಾ. ಮಾಲಗ ಪ್ರಾಂತ್ಯದಲ್ಲಿ ನೂರಾ ಮೂರು ಪುರಸಭೆಗಳಿವೆ. ಒಂದನ್ನು ಕಂಡರೆ ಇನ್ನೊಂದು ಹಲ್ಲು ಮಸೆಯುವುದರಲ್ಲಿ ಬಹುಮಾನ ಇಟ್ಟರೆ ಈ ಎರಡಕ್ಕೇ ಕೊಡಬೇಕು. ನಡುವೆ ಒಂದು ಒಣ ಹಳ್ಳ. ವರ್ಷಕ್ಕೆ ನಾಲ್ಕು ದಿನ ಅದರಲ್ಲಿ ನೀರು, ಉಳಿದ ದಿನ ಅದು ಮೇಕೆಗಳ ದಾರಿ. ಚಳಿಗಾಲದ ಬಿರುಗಾಳಿಗೆ ಕಡಲು ಮೊಣಕಾಲುದ್ದ ಪಾಚಿ ತಂದು ಸುರಿಯುತ್ತದೆ. ನಾನು ಬೆನಾಚಾರಿಗೆ ಫೋನು ಮಾಡಿದರೆ ಅದು ಟೊರ್ರೆಕಾನ್ಯಾದ ಮರಳು ಕಣಮ್ಮ ಅನ್ನುತ್ತಾರೆ. ಟೊರ್ರೆಕಾನ್ಯಾಕ್ಕೆ ಮಾಡಿದರೆ ಬೆನಾಚಾರಿನದು ಅನ್ನುತ್ತಾರೆ. ಒಂದು ಫೆಬ್ರವರಿಯಲ್ಲಿ ಎರಡೂ ಊರಿನ ಟ್ರ್ಯಾಕ್ಟರುಗಳು ಬಂದವು. ಹಳ್ಳದ ಆಚೆಗೊಂದು ಈಚೆಗೊಂದು ನಿಂತವು. ಚಾಲಕರಿಬ್ಬರೂ ಇಳಿದು ಸಿಗರೇಟು ಸೇದಿ, ಫುಟ್‌ಬಾಲಿನ ಮಾತಾಡಿ, ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸು ಹೋದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ, ನಾನೂ ನನ್ನ ಗಂಡ ಗಾಸ್ಪರನೂ ಸೊಂಟ ಬೀಳುವ ತನಕ ಪಾಚಿ ಎಳೆದೆವು.

ಅದೇ ಜೂನ್ ಬರಲಿ, ವಿಮಾನ ತುಂಬಾ ಜರ್ಮನಿಯವರು, ಇಂಗ್ಲೆಂಡಿನವರು ಬಂದಿಳಿಯಲಿ, ಆಗ ನೋಡಬೇಕು ಇವರ ಪ್ರೀತಿ. ಎರಡೂ ಪುರಸಭೆಯವರು ಟೇಪು ಹಿಡಿದುಕೊಂಡು ಬಂದು ತೆರಿಗೆಗೆ ನನ್ನ ಕುರ್ಚಿ ಎಣಿಸುತ್ತಾರೆ.

ನನ್ನ ಹೆಸರು ಫುಯೆನ್ಸಾಂತಾ. ಹೋಟೆಲು ಅಂದರೆ ಹತ್ತು ಮೇಜು, ಮೇಲೆ ಜೊಂಡಿನ ಚಪ್ಪರ, ಪಕ್ಕದಲ್ಲಿ ಒಂದು ಹಳೆಯ ದೋಣಿ. ದೋಣಿ ನನ್ನ ಅಜ್ಜ ಫಾಕುಂಡೋನದು. ಅದರ ತುಂಬಾ ಮರಳು, ಮರಳಿನ ಮೇಲೆ ಆಲಿವ್ ಕಟ್ಟಿಗೆಯ ಬೆಂಕಿ. ಜೊಂಡಿನ ಕಡ್ಡಿಗೆ ಆರು ಬೂತಾಯಿ ಮೀನು ಪೋಣಿಸಿ, ಬೆಂಕಿಯ ಪಕ್ಕ ಮರಳಿಗೆ ಚುಚ್ಚಿ ನಿಲ್ಲಿಸಬೇಕು. ಮೂಡಗಾಳಿ ಬೀಸಿದರೆ ಈ ಕಡೆ, ಪಡುವಣ ಗಾಳಿ ಬೀಸಿದರೆ ಆ ಕಡೆ. ಹನ್ನೊಂದನೇ ವಯಸ್ಸಿನಿಂದ ಇದನ್ನೇ ಮಾಡಿಕೊಂಡು ಬಂದವಳು ನಾನು, ಈಗ ಐವತ್ತೊಂಬತ್ತು. ನನಗೆ ಬೇರೆ ವಿದ್ಯೆ ಬರುವುದಿಲ್ಲ, ಬೇಕೂ ಇಲ್ಲ. ಬಾಯಿ ಸ್ವಲ್ಪ ಜೋರು ಅನ್ನುತ್ತಾರೆ. ಹೊಗೆಯಲ್ಲಿ ನಿಂತವಳ ಬಾಯಿ ಮತ್ತೆ ಹೇಗಿರಬೇಕಂತೆ?

ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಆಕಾಶ ಹರಿದು ಬಿದ್ದ ಹಾಗೆ ಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ, ಹೋಟೆಲಿನ ಮೂಡಣಕ್ಕೆ ಹರಿಯುತ್ತಿದ್ದ ಹಳ್ಳ ಪಡುವಣಕ್ಕೆ ಬಂದು ಕೂತಿತ್ತು. ಚಪ್ಪರ ಹಾರಿಹೋಗಿತ್ತು, ದೋಣಿ ಅಲ್ಲಾಡಿರಲಿಲ್ಲ. ನಾವು ನಕ್ಕೆವು. ಹಳ್ಳ ಆ ಕಡೆ ಹೋದರೇನು ಈ ಕಡೆ ಬಂದರೇನು, ಬೂತಾಯಿ ಬರುವುದು ಕಡಲಿನಿಂದ ತಾನೇ.

ನಕ್ಕಿದ್ದು ಎರಡು ತಿಂಗಳು. ಆಮೇಲೆ ಟೊರ್ರೆಕಾನ್ಯಾದ ಮೇಯರ್ ಅದಾಲ್ಬೆರ್ತೊ ಬಂದ. ಬೂಟಿಗೆ ಮರಳು ಹತ್ತದ ಹಾಗೆ ಬೆಕ್ಕಿನಂತೆ ಕಾಲಿಡುವ ಮನುಷ್ಯ. ತುಂಬಾ ಮರ್ಯಾದೆಯಿಂದ ಮಾತಾಡಿದ. ಎರಡು ಊರಿನ ಗಡಿ ಹಳ್ಳ, ಹಳ್ಳ ಈಗ ನಿಮ್ಮ ಪಡುವಣಕ್ಕಿದೆ, ಅಂದಮೇಲೆ ನೀವು ನಮ್ಮ ಊರಿಗೆ ಸೇರಿದಿರಿ, ಬೆನಾಚಾರ್ ಕೊಟ್ಟ ಪರವಾನಗಿ ಇಲ್ಲಿ ನಡೆಯುವುದಿಲ್ಲ ಎಂದ. ಈ ತೀರಕ್ಕೆ ಅವನಲ್ಲಿ ಬೇರೆ ಯೋಜನೆ ಇತ್ತು. ಮೇಲಿನ ಹೊಸ ಹೋಟೆಲಿನವರು ಪ್ರವಾಸಿಗರು ಬಿಸಿಲು ಕಾಯಲು ಇಲ್ಲಿ ಸಾಲಾಗಿ ಬಿಳಿ ಹಾಸಿಗೆ ಹಾಕುತ್ತಾರಂತೆ, ಬಿಳಿ ಪರದೆ, ತಣ್ಣನೆಯ ಒರೆಸುವ ಬಟ್ಟೆ, ಮೆತ್ತನೆಯ ಸಂಗೀತ. ಹೊಗೆ ಮಾತ್ರ ಬೇಡವಂತೆ. ಈ ಬೇಸಿಗೆ ನಡೆಸಿಕೊಳ್ಳಿ, ಸೆಪ್ಟೆಂಬರಿಗೆ ದೋಣಿ ಎತ್ತಿಬಿಡಿ ಎಂದು ಹೇಳಿ, ನನ್ನ ಕೈಯಿಂದಲೇ ಕಾಫಿ ಕುಡಿದು ಹೋದ. ಸಕ್ಕರೆ ಬದಲು ಉಪ್ಪು ಹಾಕಬೇಕಿತ್ತು. ಹೊಳೆದದ್ದು ಆಮೇಲೆ.

ನಮ್ಮ ಪುರಸಭೆಯ ಕಾರ್ಯದರ್ಶಿ ಲೂಸಿಲಾಳ ಹತ್ತಿರ ಓಡಿದೆ. ಹೆದರಬೇಡ, ಹಳ್ಳ ಹಿಂದೆಯೂ ನಾಲ್ಕು ಸಲ ಹೀಗೆ ಹೊರಳಿದೆ, ಕಾನೂನು ನಂಬುವುದು ಹಳ್ಳವನ್ನಲ್ಲ, ಗಡಿಕಲ್ಲನ್ನು ಎಂದಳು. ಕೊನೆಯ ಸಲ ಎರಡೂ ಊರಿನವರು ಸೇರಿ ಗಡಿ ನಡೆದು ಕಲ್ಲು ನೋಡಿದ್ದು ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ. ಕಾಗದ ತೆಗೆದು ಓದಿದಳು: ಮೂರನೆಯ ಕಲ್ಲು, ಸುಣ್ಣದ ಗೂಡಿನಿಂದ ಮೂಡಣಕ್ಕೆ ನಲವತ್ತು ಹೆಜ್ಜೆ, ವಿಧವೆಯ ಅಂಜೂರದ ಮರಕ್ಕೆ ಎದುರಾಗಿ. ಸುಣ್ಣದ ಗೂಡು ಬಿದ್ದು ಐವತ್ತು ವರ್ಷವಾಯಿತು. ಅಂಜೂರದ ಮರದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ವಿಧವೆ ಯಾರೆಂದು ಆ ದೇವರಿಗೇ ಗೊತ್ತು. ಕಲ್ಲು ಮರಳಿನಡಿ ಎಲ್ಲೋ ಮಲಗಿದೆ.

ಬೇರೆ ದಾಖಲೆ ಇಲ್ಲವೇ ಎಂದು ಕೇಳಿದೆ. ಲೂಸಿಲಾ ಕನ್ನಡಕ ತೆಗೆದು ಒರೆಸತೊಡಗಿದಳು. ಇತ್ತು. ಹೋದ ಚಳಿಗಾಲ ಪಾಚಿಯ ದೂರಿಗೆ ಅವಳೇ ಕೊಟ್ಟ ಉತ್ತರ, ಮೊಹರು ಸಮೇತ: ಸದರಿ ಮರಳು ಟೊರ್ರೆಕಾನ್ಯಾಕ್ಕೆ ಸೇರಿದ್ದರಿಂದ ಸ್ವಚ್ಛ ಮಾಡುವ ಹೊಣೆ ನಮ್ಮದಲ್ಲ. ಅದಾಲ್ಬೆರ್ತೊ ಅದರ ನಕಲನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ. ನನಗೆ ಬಂದ ಸಿಟ್ಟಿಗೆ ಅವಳ ಮೇಜಿನ ಮೇಲಿದ್ದ ಮೊಹರನ್ನು ಕಿಟಕಿಯಿಂದ ಎಸೆಯುತ್ತಿದ್ದೆ. ಆದರೆ ಅವಳು ಇನ್ನೊಂದು ಕಾಗದ ತೆಗೆದಳು. ಅದೇ ವಾರ ಟೊರ್ರೆಕಾನ್ಯಾದವರು ನನಗೆ ಬರೆದದ್ದು, ನಾನೇ ಅವಳಿಗೆ ಕೊಟ್ಟು ಮರೆತಿದ್ದದ್ದು: ಸದರಿ ಮರಳು ಬೆನಾಚಾರಿಗೆ ಸೇರಿದ್ದರಿಂದ ಹೊಣೆ ನಮ್ಮದಲ್ಲ. ಎರಡು ಊರುಗಳೂ ತಮ್ಮದಲ್ಲ ಎಂದು ಆಣೆ ಮಾಡಿ, ಈಗ ತಮ್ಮದೇ ಎಂದು ಬಡಿದಾಡುತ್ತಿದ್ದವು. ಎರಡೂ ಕಾಗದ ಬಿದ್ದುಹೋದವು.

ಹಾಗಾದಾಗ ಕಾನೂನಿನಲ್ಲಿ ಒಂದೇ ದಾರಿ. ಎರಡೂ ಊರಿನ ಮೇಯರು, ಸದಸ್ಯರು, ಕಾರ್ಯದರ್ಶಿಗಳು ಜಾಗಕ್ಕೆ ಬಂದು ನಿಲ್ಲಬೇಕು. ಜೊತೆಗೆ ಪ್ರತಿ ಊರಿನಿಂದಲೂ ಇಬ್ಬರನ್ನು ಕರೆತರಬೇಕು, ತುಂಬಾ ವಯಸ್ಸಾದವರನ್ನು, ಒಳ್ಳೆಯ ವಿವೇಕವುಳ್ಳವರು ಎಂದು ಊರು ಒಪ್ಪಿದವರನ್ನು. ಕಲ್ಲು ಎಲ್ಲಿತ್ತು ಎಂದು ಅವರು ಹೇಳಬೇಕು. ಬೆನಾಚಾರಿನಲ್ಲಿ ವಯಸ್ಸಾದವರಿಗೆ ಬರವಿಲ್ಲ. ವಿವೇಕ ಹುಡುಕುವುದರಲ್ಲಿ ಎರಡು ವಾರ ಹೋಯಿತು. ಕೊನೆಗೆ ಸಿಕ್ಕವರು, ಕಿವಿ ಕೇಳದ ಒಬ್ಬ ಹಳೆಯ ಬೆಸ್ತ ಮತ್ತು ಗಾಸ್ಪರನ ಚಿಕ್ಕಪ್ಪ. ಚಿಕ್ಕಪ್ಪನ ವಿವೇಕ ನನಗೆ ಗೊತ್ತು. ಮೂರು ಸಲ ಒಂದೇ ಕತ್ತೆಯನ್ನು ಕೊಂಡವನು.

ಟೊರ್ರೆಕಾನ್ಯಾದವರು ಮೇಯರನ ಸೋದರತ್ತೆಯನ್ನು ಹೆಸರಿಸಿದರು. ಎರಡನೆಯ ಹೆಸರು ಕೇಳಿ ನಾನು ಹಾಗೇ ಕೂತೆ. ಸಿರಿಯಾಕೊ ಅಜ್ಜ. ಎಂಬತ್ತನಾಲ್ಕು ವರ್ಷ. ನಲವತ್ತೊಂಬತ್ತರ ಗಡಿ ನಡಿಗೆಯಲ್ಲಿ ಇದ್ದವರಲ್ಲಿ ಇನ್ನೂ ಉಸಿರಾಡುತ್ತಿರುವುದು ಅವನೊಬ್ಬನೇ. ಮತ್ತು ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆತನವನ್ನು ಕಂಡರೆ ಆಗದವನೂ ಅವನೇ. ಸಂತೆಯಲ್ಲಿ ನಾನು ಎದುರಾದರೆ ರಸ್ತೆ ದಾಟಿ ಹೋಗುತ್ತಿದ್ದ. ನಮ್ಮ ತೀರಕ್ಕೆ ಇಳಿದವನೇ ಅಲ್ಲ. ಮೇಕೆಯದೋ ಏನೋ ಹಳೆಯ ತಕರಾರಿರಬೇಕು ಅಂದುಕೊಂಡಿದ್ದೆ. ಈಗ ನನ್ನ ದೋಣಿ ಅವನ ನಾಲಿಗೆಯ ತುದಿಯಲ್ಲಿ ನಿಂತಿತ್ತು.

ಮಾರ್ಚ್ ತಿಂಗಳಲ್ಲಿ ಒಂದು ಡಬ್ಬಿ ತುಂಬಾ ಸುಟ್ಟ ಬೂತಾಯಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಬೆಟ್ಟದ ಮಗ್ಗುಲಲ್ಲಿ ಅವನ ಬೆಣ್ಣೆಹಣ್ಣಿನ ತೋಟ. ಮೊದಲು ಮೇಕೆ ಇದ್ದವು, ಈಗ ಸುತ್ತಲಿನವರ ಹಾಗೆ ಅವನೂ ಹಣ್ಣಿಗೆ ಬಿದ್ದಿದ್ದ. ನನ್ನನ್ನು ಕಂಡು ಗೇಟು ತೆಗೆಯಲಿಲ್ಲ, ಮುಚ್ಚಲೂ ಇಲ್ಲ. ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ.

“ಮಾರ್ಚಲ್ಲಿ ಬೂತಾಯಿ ತಂದಿದ್ದೀಯಲ್ಲ ಮಗಳೇ,” ಅಂದ. “ಬರೀ ಮುಳ್ಳು, ನೀರು. ನನ್ನನ್ನೇನು ಜರ್ಮನಿಯವನು ಅಂದ್ಕೊಂಡ್ಯಾ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೂತಾಯಿಗೆ ಕೊಬ್ಬು ಬರುವುದು ಮೇ ತಿಂಗಳಿನಿಂದ. ಪ್ರವಾಸಿಗರು ಯಾವಾಗ ಕೊಟ್ಟರೂ ತಿನ್ನುತ್ತಾರೆ, ಬೆರಳು ನೆಕ್ಕಿ ಫೋಟೋ ತೆಗೆಯುತ್ತಾರೆ. ಅವರಿಗೆ ಕೊಟ್ಟು ಕೊಟ್ಟು ನನಗೂ ಮರೆತುಹೋಗಿತ್ತು.

ಆಮೇಲೆ ಅವನೇ ಹೇಳಿದ. ಆಗಿನ ಕಾಲದಲ್ಲಿ ಗಡಿ ನಡೆಯುವಾಗ ಪ್ರತಿ ಕಲ್ಲಿನ ಹತ್ತಿರವೂ ಒಂದು ಊರಿನ ಹಿರಿಯ ಇನ್ನೊಂದು ಊರಿನ ಮಗುವಿನ ಕೆನ್ನೆಗೆ ಬಾರಿಸಬೇಕಿತ್ತು, ಮುನ್ಸೂಚನೆ ಕೊಡದೆ, ಸರಿಯಾಗಿ. ಕಾಗದ ಹುಳ ತಿನ್ನುತ್ತದೆ, ಮರ ಬೀಳುತ್ತದೆ, ಹೊಡೆಸಿಕೊಂಡ ಜಾಗವನ್ನು ಮಾತ್ರ ಯಾರೂ ಸಾಯುವ ತನಕ ಮರೆಯುವುದಿಲ್ಲ ಎಂದು ಲೆಕ್ಕ. ಹೊಡೆದವನೇ ಮಗುವಿಗೆ ತಿನ್ನಲು ಏನಾದರೂ ಕೊಟ್ಟು ಸಮಾಧಾನ ಮಾಡಬೇಕು. ಮೂರನೆಯ ಕಲ್ಲಿನ ಹತ್ತಿರ ಸರದಿ ನನ್ನ ಅಜ್ಜ ಫಾಕುಂಡೋನದು. ಮೇಕೆ ಹುಡುಕಿಕೊಂಡು ಬಂದು, ಜನ ಸೇರಿದ್ದಾರಲ್ಲ ಎಂದು ಬಾಯಿ ಬಿಟ್ಟುಕೊಂಡು ನಿಂತಿದ್ದ ಒಂಬತ್ತು ವರ್ಷದ ಸಿರಿಯಾಕೊ ಕೈಗೆ ಸಿಕ್ಕಿದ.

“ನಿಮ್ಮಜ್ಜನ ಕೈ ನೋಡಿದ್ದೆಯಾ? ದೋಣಿಯ ಹುಟ್ಟಿನಂಥ ಕೈ. ಹಲ್ಲು ಹಾರಿಹೋಯ್ತು. ಆಮೇಲೆ ನಗ್ತಾ ಒಂದು ಕಡ್ಡಿ ಬೂತಾಯಿ ಹಿಡಿದ ನನ್ನ ಮುಂದೆ. ಮರಳಿಗೆ ಎಸೆದು ಬೆಟ್ಟ ಹತ್ತಿದೆ. ಅವತ್ತಿಂದ ನಾನು ಬೂತಾಯಿ ತಿಂದಿಲ್ಲ.”

ಎಪ್ಪತ್ತೈದು ವರ್ಷ. ಕಡಲು ಕಾಣುವ ತೋಟದಲ್ಲಿ ಕೂತು ಎಪ್ಪತ್ತೈದು ವರ್ಷ ಬೂತಾಯಿ ಮುಟ್ಟದ ಮನುಷ್ಯ. ನನಗೆ ನಿಜವಾಗಿ ನೋವಾಯಿತು. ಅಜ್ಜನ ಪರವಾಗಿ ತಪ್ಪಾಯಿತು ಅನ್ನಬೇಕು ಎಂದು ಬಾಯಿ ತೆಗೆದೆ. ಆದರೆ ಹಾಳು ಬಾಯಿ, ಹೆದರಿಕೆಯಲ್ಲಿ ಬೇರೆಯೇ ಬಂತು. “ಅದಕ್ಕೆ ಈಗ ನನ್ನ ಹೊಟ್ಟೆ ಮೇಲೆ ಹೊಡೀತೀರಾ ಅಜ್ಜ?” ಅಂದೆ.

ಅವನು ಡಬ್ಬಿ ವಾಪಸು ಕೊಟ್ಟು ಗೇಟು ಹಾಕಿಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಗಾಸ್ಪರನಿಗೆ ಹೇಳಿದಾಗ ಅವನು ಎದ್ದು ಹೋಗಿ ದೋಣಿಗೆ ಹೊಸದಾಗಿ ನೀಲಿ ಬಣ್ಣ ಬಳಿಯತೊಡಗಿದ. ಸೆಪ್ಟೆಂಬರಿಗೆ ಎತ್ತಬೇಕಾದ ದೋಣಿಗೆ ಬಣ್ಣ ಯಾಕೋ ಮಾರಾಯ ಎಂದೆ. ಹೋಗುವುದಾದರೂ ಚೆನ್ನಾಗಿ ಹೋಗಲಿ ಎಂದ. ಆ ಮಾತಿಗೆ ನಾನು ಅತ್ತುಬಿಟ್ಟೆ.

ಏಪ್ರಿಲಿನ ಒಂದು ಗುರುವಾರ ಬೆಳಿಗ್ಗೆ ಎಲ್ಲರೂ ಬಂದರು. ಇಬ್ಬರು ಮೇಯರು, ಆರು ಸದಸ್ಯರು, ಕೊಡೆ ಹಿಡಿದ ಇಬ್ಬರು ಕಾರ್ಯದರ್ಶಿಗಳು, ಸಲಿಕೆ ಹಿಡಿದ ಕೂಲಿಯವರು, ಮ್ಯಾಡ್ರಿಡ್‌ನಿಂದ ಬಂದ ಒಬ್ಬಳು ಸರ್ವೆ ಹುಡುಗಿ. ಅವಳ ಕೈಯಲ್ಲಿ ಕೋಲಿನ ಮೇಲೆ ಕೂರಿಸಿದ ಯಂತ್ರ. ನಾವು ನಿಂತಿರುವ ಜಾಗವನ್ನು ಉಪಗ್ರಹ ನೋಡಿ ಬೆರಳಿನಗಲ ತಪ್ಪದೆ ಹೇಳುತ್ತದಂತೆ. ಕಲ್ಲು ಎಲ್ಲಿತ್ತು ಎಂದು ಕೇಳಿದೆ. ಅದು ಗೊತ್ತಾಗೋದಿಲ್ಲ ಎಂದು ಪಾಪ ಮುಖ ಸಣ್ಣ ಮಾಡಿಕೊಂಡಳು. ಸುತ್ತ ಪ್ರವಾಸಿಗರು ಸೇರಿದರು. ಇದೇನೋ ನಮ್ಮ ಹಬ್ಬ ಎಂದುಕೊಂಡು ಫೋಟೋ ತೆಗೆದರು. ಒಬ್ಬಳು ಇಂಗ್ಲಿಷ್ ಹೆಂಗಸು ಮೆರವಣಿಗೆ ಯಾವಾಗ ಎಂದು ನನ್ನನ್ನೇ ಕೇಳಿದಳು.

ಮೊದಲು ಮೇಯರನ ಸೋದರತ್ತೆ. ಹಳ್ಳ ಇರುವಲ್ಲೇ ಕಲ್ಲು ಇತ್ತು ಎಂದು ಗಿಣಿಪಾಠ ಒಪ್ಪಿಸಿದಳು. ನಮ್ಮ ಬೆಸ್ತನಿಗೆ ಪ್ರಶ್ನೆಯೇ ಕೇಳಿಸಲಿಲ್ಲ, ತನ್ನ ಮೊಮ್ಮಗಳ ಮದುವೆಯ ವಿಚಾರ ಹೇಳಿದ. ಗಾಸ್ಪರನ ಚಿಕ್ಕಪ್ಪ ಮೂರು ಜಾಗ ತೋರಿಸಿದ, ಮೂರೂ ಕಡೆ ಆಣೆ ಇಟ್ಟ. ಅದಾಲ್ಬೆರ್ತೊ ಮುಗುಳ್ನಕ್ಕು ಗಡಿಯಾರ ನೋಡಿಕೊಂಡ.

ಆಗ ಸಿರಿಯಾಕೊ ಅಜ್ಜ ಮುಂದೆ ಬಂದ. ತಲೆಗೆ ಹಬ್ಬದ ಟೋಪಿ, ಕೈಯಲ್ಲಿ ಕೋಲು. ಎಲ್ಲರೂ ನೆಲ ನೋಡುತ್ತಿದ್ದರೆ ಅವನು ನೆಲವನ್ನು ನೋಡಲೇ ಇಲ್ಲ. ಕಡಲಿಗೆ ಬೆನ್ನು ಹಾಕಿ ಬೆಟ್ಟದ ಕಡೆ ತಿರುಗಿದ. ರಸ್ತೆಯ ಮೇಲಿನ ದಿಬ್ಬದಲ್ಲಿ ಹಳೆಯ ಕಾವಲು ಗೋಪುರ, ಅದರ ಹಿಂದೆ ದೂರದಲ್ಲಿ ದೊಡ್ಡ ಬೆಟ್ಟ. ಆ ಬೆಟ್ಟದ ನೆತ್ತಿಯಲ್ಲಿ ಕೊಡಲಿಯಿಂದ ಕಡಿದ ಹಾಗೆ ಒಂದು ಕಚ್ಚು. ಅವತ್ತು ಹೊಡೆತ ಬಿದ್ದಾಗ ತನ್ನ ಮುಖ ಆ ಕಡೆ ತಿರುಗಿತು, ಕಣ್ಣೀರಿನಲ್ಲಿ ಮೊದಲು ಕಂಡದ್ದು ಗೋಪುರ, ಅದು ಸರಿಯಾಗಿ ಆ ಕಚ್ಚಿನೊಳಗೆ ನಿಂತಿತ್ತು ಎಂದ. ಬೆಸ್ತರಾದ ನಮಗೆ ಇನ್ನೇನೂ ಹೇಳಬೇಕಾಗಿರಲಿಲ್ಲ. ಕಡಲಿನಲ್ಲಿ ಮೀನಿನ ಜಾಗ ಗುರುತಿಡುವುದೂ ಹೀಗೆಯೇ, ಒಂದರ ಹಿಂದೆ ಒಂದನ್ನು ಸಾಲಿಗೆ ತಂದು.

ಅವನು ಹಳ್ಳದ ಬಾಯಿಯಿಂದ ಶುರು ಮಾಡಿದ. ಅಲ್ಲಿ ಗೋಪುರ ಕಚ್ಚಿನಿಂದ ದೂರ, ಬಲಕ್ಕಿತ್ತು. ಮೂಡಣಕ್ಕೆ ಒಂದೊಂದೇ ಹೆಜ್ಜೆ ಇಟ್ಟ. ಗೋಪುರ ಎಡಕ್ಕೆ ಸರಿಯತೊಡಗಿತು. ಅವನು ನನ್ನ ದೋಣಿಗಿಂತ ಮೊದಲೇ ನಿಂತರೆ ನಾನು ಕೆಟ್ಟೆ. ದೋಣಿ ದಾಟಿದರೆ ಬದುಕಿದೆ. ಇಷ್ಟೇ. ಇಪ್ಪತ್ತು ಹೆಜ್ಜೆ. ನಲವತ್ತು. ಮೊದಲ ಮೇಜಿನ ಹತ್ತಿರ ನಿಂತು ಕಣ್ಣು ಕಿರಿದು ಮಾಡಿದ. ಗಾಸ್ಪರ ನನ್ನ ಕೈ ಹಿಡಿದ ಬಿಗಿಗೆ ಉಂಗುರ ಬೆರಳಿಗೆ ಒತ್ತಿತು. ಅಜ್ಜ ಮೂಗು ಒರೆಸಿಕೊಂಡು ಮತ್ತೆ ಹೊರಟ. ಚಪ್ಪರ ದಾಟಿದ. ದೋಣಿಯ ಹತ್ತಿರ ಬಂದ, ದೋಣಿ ದಾಟಿದ, ಮೂರು ಹೆಜ್ಜೆ ಮುಂದೆ ಹೋದ, ಒಂದು ಹೆಜ್ಜೆ ಹಿಂದೆ ಬಂದ. ಕೋಲನ್ನು ಮರಳಿಗೆ ಊರಿದ.

ಅದಾಲ್ಬೆರ್ತೊನ ಮುಗುಳ್ನಗೆ ಬಿದ್ದುಹೋಗಿತ್ತು. ಅಜ್ಜನ ಹೆಗಲ ಮೇಲೆ ಕೈಯಿಟ್ಟು, ವಯಸ್ಸಾಯಿತು, ಬಿಸಿಲು ಬೇರೆ, ಇನ್ನೊಂದು ಸಲ ಯೋಚನೆ ಮಾಡಿ, ನೀವು ನಮ್ಮ ಊರಿನವರು ಎಂದ. ಅಜ್ಜ ಆ ಕೈಯನ್ನು ಕೆಳಗಿಳಿಸಿದ.

“ನಾನು ಹುಟ್ಟಿದ್ದು ಟೊರ್ರೆಕಾನ್ಯಾ, ಸಾಯೋದೂ ಅಲ್ಲೇ. ಆದರೆ ಕೇಳಪ್ಪ, ಒಂದು ದಿನ ನಿಜ ಹೇಳಲಿ ಅಂತ ನನಗೆ ಒಂಬತ್ತು ವರ್ಷಕ್ಕೇ ಹೊಡೆದರು. ಆ ದಿನ ಇವತ್ತು ಬಂದಿದೆ. ಇವತ್ತು ಸುಳ್ಳು ಹೇಳಿದರೆ ಅವತ್ತು ನಾನು ಸುಮ್ಮನೆ ಹೊಡೆಸಿಕೊಂಡ ಹಾಗಾಯ್ತಲ್ಲ?”

ಕೂಲಿಯವರು ಅಗೆದರು. ಸೊಂಟದಾಳಕ್ಕೆ ಹೋದಾಗ ಸಲಿಕೆ ಟಣ್ ಎಂದಿತು. ಕಲ್ಲನ್ನು ಕೈಯಿಂದಲೇ ಒರೆಸಿದರು. ಒಂದು ಮುಖದಲ್ಲಿ ಬೆನಾಚಾರಿನ ಗುರುತು, ಇನ್ನೊಂದರಲ್ಲಿ ಟೊರ್ರೆಕಾನ್ಯಾದ್ದು. ನನ್ನ ದೋಣಿ ನಮ್ಮ ಕಡೆಗಿತ್ತು, ಎರಡು ಹೆಜ್ಜೆಯ ಅಂತರದಲ್ಲಿ. ನಾನು ಲೂಸಿಲಾಳನ್ನು ತಬ್ಬಿಕೊಂಡೆ, ಕೂಲಿಯವರನ್ನು ತಬ್ಬಿಕೊಂಡೆ, ಆ ಇಂಗ್ಲಿಷ್ ಹೆಂಗಸನ್ನೂ ತಬ್ಬಿಕೊಂಡೆ. ಅವಳಿಗೆ ಹಬ್ಬ ಬಹಳ ಇಷ್ಟವಾಯಿತು.

ಕಲ್ಲನ್ನು ಮೇಲೆತ್ತಿ ಅದೇ ಜಾಗದಲ್ಲಿ ನಿಲ್ಲಿಸಿದರು. ಸರ್ವೆ ಹುಡುಗಿ ಯಂತ್ರ ಇಟ್ಟು ಗುರುತು ಹಾಕಿಕೊಂಡು, ಇನ್ನು ಯಾವ ಕಾಲಕ್ಕೂ ತಪ್ಪುವುದಿಲ್ಲ ಎಂದಳು. ಸಿರಿಯಾಕೊ ಅಜ್ಜ ಇಲ್ಲವೆಂದು ತಲೆಯಾಡಿಸಿದ. ಯಂತ್ರ ಕೆಡುತ್ತದೆ, ಕೆಲಸ ಪೂರ್ತಿಯಾಗಿಲ್ಲ, ಯಾರಾದರೂ ಬೆನಾಚಾರಿನವರು ಬೇಕು ಎಂದ. ಈ ಕಾಲದಲ್ಲಿ ಮಕ್ಕಳ ಮೈ ಮುಟ್ಟಿದರೆ ಪೊಲೀಸರು ಬರುತ್ತಾರೆ ಅಜ್ಜ ಎಂದು ಲೂಸಿಲಾ ಗಾಬರಿಯಾದಳು. ನಾನು ಏಪ್ರನ್ನು ಬಿಚ್ಚಿ ಗಾಸ್ಪರನ ಕೈಗೆ ಕೊಟ್ಟು ಕಲ್ಲಿನ ಹತ್ತಿರ ಹೋಗಿ ನಿಂತೆ.

“ಬಾರಿಸಿ ಅಜ್ಜ,” ಅಂದೆ. “ಅವತ್ತು ಗೇಟಿನ ಹತ್ತಿರ ಆಡಿದ ಮಾತಿಗೂ ಸೇರಿಸಿ ಬಾರಿಸಿ.”

ಎಂಬತ್ತನಾಲ್ಕರ ಮುದುಕ. ಸುಮ್ಮನೆ ಕೆನ್ನೆ ಸವರಿ ಬಿಡುತ್ತಾನೆ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಎಲ್ಲಿಯ ಸವರುವುದು. ಬಿತ್ತು ನೋಡಿ ಒಂದು. ಕಿವಿಯಲ್ಲಿ ಚರ್ಚಿನ ಗಂಟೆ ಹೊಡೆಯಿತು, ಕಣ್ಣಲ್ಲಿ ನೀರು ಬಂತು, ಮುಖ ಬೆಟ್ಟದ ಕಡೆ ತಿರುಗಿಹೋಯಿತು.

“ಏನು ಕಾಣ್ತು?” ಎಂದು ಕೇಳಿದ.

“ಗೋಪುರ,” ಅಂದೆ. “ಕಚ್ಚಿನೊಳಗೆ.”

“ಮರೀಬೇಡ,” ಅಂದ. ಆಮೇಲೆ ಮೆಲ್ಲಗೆ, “ನೋವಾಯ್ತಾ ಮಗಳೇ?” ಅಂದ. ಇಲ್ಲ ಎಂದು ಸುಳ್ಳು ಹೇಳಿದೆ. ಇಬ್ಬರೂ ನಗಲು ಶುರು ಮಾಡಿದವರು ನಿಲ್ಲಿಸಲಿಲ್ಲ.

ಜೂನ್ ಎರಡನೆಯ ವಾರ, ಮಧ್ಯಾಹ್ನ, ಒಳ್ಳೆಯ ಪಡುವಣ ಗಾಳಿ. ಬೂತಾಯಿ ಕೊಬ್ಬಿ ಮಿರಿಮಿರಿ ಅನ್ನುತ್ತಿತ್ತು. ಟೊರ್ರೆಕಾನ್ಯಾದ ಕಡೆ ಬಿಳಿ ಹಾಸಿಗೆಗಳು ಬಂದು ಕೂತಿದ್ದವು; ಅವುಗಳ ಮೇಲೆ ಮಲಗಿದವರು ನಮ್ಮ ಹೊಗೆ ಮೂಸಿ ಎದ್ದು ಇಲ್ಲಿಗೇ ಬರುತ್ತಿದ್ದರು. ಹಾಸಿಗೆಗಳ ನಡುವೆ ಹಬ್ಬದ ಟೋಪಿಯೊಂದು ನಡೆದು ಬಂತು. ನಾನು ಕುರ್ಚಿ ತಂದೆ. ಸಿರಿಯಾಕೊ ಅಜ್ಜ ಅದನ್ನು ಎತ್ತಿ ಕಲ್ಲಿನ ಆ ಕಡೆ, ತನ್ನ ಊರಿನ ಮರಳಿನಲ್ಲಿ ಹಾಕಿಕೊಂಡು ಕೂತ. ಈ ಕಡೆ ನೆರಳಿದೆ ಬನ್ನಿ ಎಂದರೂ ಬರಲಿಲ್ಲ.

ಆರು ಬೂತಾಯಿ ಆರಿಸಿ ಪೋಣಿಸಿದೆ. ಅಜ್ಜ ಫಾಕುಂಡೋ ಕಲಿಸಿದ ಹಾಗೆ, ಮುಳ್ಳಿನ ಕೆಳಗೆ ಕಡ್ಡಿ ಬರುವಂತೆ. ಬೇರೆ ಯಾರ ಆರ್ಡರನ್ನೂ ನೋಡದೆ ಅದರ ಪಕ್ಕವೇ ನಿಂತು ಸುಟ್ಟೆ. ಕಲ್ಲಿನ ಮೇಲಿನಿಂದ ಕೈ ಚಾಚಿ ಕಡ್ಡಿ ಹಿಡಿದೆ. ಎಪ್ಪತ್ತೈದು ವರ್ಷದ ಹಿಂದೆ ಮರಳಿಗೆ ಬಿದ್ದದ್ದು ಇದೇ ಜಾಗದಲ್ಲಿ. ಅವನು ಸ್ವಲ್ಪ ಹೊತ್ತು ಅದನ್ನು ನೋಡಿ, ಕೈ ಮುಂದೆ ಮಾಡಿ ತೆಗೆದುಕೊಂಡ. ಬೆರಳಿನಿಂದಲೇ ಬಿಡಿಸಿ ಬಿಡಿಸಿ ಆರನ್ನೂ ತಿಂದ, ತಲೆ ಮತ್ತು ಮುಳ್ಳು ಬಿಟ್ಟು ಏನೂ ಉಳಿಸಲಿಲ್ಲ. ಬೆರಳು ನೆಕ್ಕಿಕೊಂಡು ಕಡಲಿನ ಕಡೆ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ಹೊಗೆಯಿಂದಲ್ಲ, ಆ ಹೊತ್ತಿಗೆ ಗಾಳಿ ನಿಂತು ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

“ಹೇಗಿತ್ತು ಅಜ್ಜ?” ಎಂದು ಕೇಳಿದೆ.

“ಉಪ್ಪು ಒಂಚೂರು ಸಾಲದು,” ಅಂದ. “ಇನ್ನೊಂದು ಕಡ್ಡಿ ಇಡು.”